ಆಳಿಗೆ ಆಳು ಕೊಡಲಾಗದ ಮನೆ

ಪ್ರಶ್ನೆ: ಅಕ್ಕಾ, ನಮ್ಮದು ಸಿದ್ದಾಪುರ ತಾಲೂಕಿನ ಒಂದು ಕೇರಿ, ಹನ್ನೊಂದು ಮನೆ. ಒಂದು ಎಕರೆ ಹನ್ನೆರಡು ಗುಂಟೆ ಅಡಿಕೆ ತೋಟವೇ ನಮ್ಮ ಜೀವನ. ಕಳೆದ ಕಾರ್ತಿಕದಲ್ಲಿ ಅಡಿಕೆ ಗೊನೆ ಕೊಯ್ಯಲು ಹತ್ತಿದ್ದ ನಮ್ಮ ಯಜಮಾನರು ಮರದಿಂದ ಬಿದ್ದರು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ನಾವು ಆಸ್ಪತ್ರೆಯಲ್ಲಿದ್ದ ಇಪ್ಪತ್ತೆರಡು ದಿನವೂ ಕೇರಿಯವರೇ ಕೊಟ್ಟಿಗೆ ನೋಡಿಕೊಂಡರು. ಆಮೇಲೆ ಎಲ್ಲ ಕೊಯ್ಲು ಮುಗಿಸಿ, ರಾತ್ರಿ ಕೂತು ಸುಲಿದು, ಬೇಯಿಸಿ, ಒಣಗಿಸಿಕೊಟ್ಟರು. ಮಳೆಗೆ ಮುಂಚೆ ಅಡಿಕೆಗೆ ಕೊಳೆರೋಗದ ಔಷಧಿಯನ್ನೂ ಹೊಡೆದರು. ನಾನು ಬರೆದಿಟ್ಟ ಲೆಕ್ಕದಲ್ಲಿ ಒಟ್ಟು 63 ಆಳು, ಒಬ್ಬರ ಒಂದು ದಿನದ ದುಡಿಮೆಗೆ ಒಂದು ಆಳು. ಮೊದಲೆಲ್ಲ ನಮ್ಮ ಮನೆಯಿಂದ ಇವರೇ ಎಲ್ಲರಲ್ಲಿಗೂ ಮುಯ್ಯಾಳು, ಅಂದರೆ ಕೂಲಿಯಿಲ್ಲದೆ ದುಡಿಮೆಗೆ ದುಡಿಮೆ, ಹೋಗುತ್ತಿದ್ದರು. ಈಗ ಇವರನ್ನು ಬಿಟ್ಟು ನಾನು ಎರಡು ಗಂಟೆ ಆಚೆ ಹೋಗುವ ಹಾಗಿಲ್ಲ. ಮಗಳು ಎಂಟನೇ ಕ್ಲಾಸು. “ಆಳಿಗೆ ಆಳು ಕೊಡಲಾಗದವರು ಮುಯ್ಯಾಳು ಕರೆಯಬಾರದು” ಎನ್ನುತ್ತಾರೆ ಅತ್ತೆ. ಪಕ್ಕದ ಮನೆ ಭಾವನವರಿಗೆ ಕೂಲಿ ಲೆಕ್ಕ ಹಾಕಿ ದುಡ್ಡು ಕೊಡಹೋದೆ. ಮುಂದಿಟ್ಟ ಚಾ ಕುಡಿಯದೆ ಎದ್ದು ಹೋದರು. ಬಳೆ ಮಾರಿ ಎಲ್ಲರದ್ದೂ ಒಮ್ಮೆಲೇ ತೀರಿಸಿಬಿಡೋಣ ಅನ್ನಿಸುತ್ತದೆ. ಮದುವೆ-ಮುಂಜಿಗೆ ಹೋಗಲೂ ಮುಖವಿಲ್ಲ. ಏನು ಮಾಡಲಿ?
— ಹೆಸರು ಬೇಡ, ಸಿದ್ದಾಪುರ ತಾಲೂಕು

ಉತ್ತರ: ತಂಗೀ, ಮೊದಲು ಬಳೆಯನ್ನು ಪೆಟ್ಟಿಗೆಯಲ್ಲಿಡಿ.

ನಾನು ಮೂವತ್ತೊಂದು ವರ್ಷ ಸೇವಾ ಸಹಕಾರಿ ಸಂಘದಲ್ಲಿ ಲೆಕ್ಕ ಬರೆದವಳು. ನಿಮ್ಮ ಕಾಗದ ಓದಿದಾಗ ಮೊದಲು ಕಣ್ಣಿಗೆ ಬಿದ್ದದ್ದು ಆ 63. ನೀವು ಬರೆದಿರುವುದು ಒಂದೇ ಪುಟ. ಬಂದ ಆಳು ಬರೆದಿರಿ. ಕೊಟ್ಟ ಆಳು ಎಲ್ಲಿ? ನಿಮ್ಮ ಯಜಮಾನರು ಎಷ್ಟು ವರ್ಷ, ಎಷ್ಟು ಮನೆಗೆ, ಎಷ್ಟು ದಿನ ಹೋಗಿದ್ದರು ಎಂದು ಅತ್ತೆಯವರ ಹತ್ತಿರ ಕೂತು ಕೇಳಿ ಬರೆಯಿರಿ. ಅವರಿಗೆ ನೆನಪಿರುತ್ತದೆ. ಹಳೇ ಹೆಂಗಸರಿಗೆ ಯಾರ ಮನೆ ಕೊಯ್ಲು ಯಾವ ಅಮಾವಾಸ್ಯೆಗೆ ಆಯಿತು ಎಂಬುದೂ ನೆನಪಿರುತ್ತದೆ. ಆ ಪುಟ ತುಂಬಿದ ಮೇಲೆ 63 ಎಷ್ಟಕ್ಕೆ ಇಳಿಯುತ್ತದೆ ನೋಡಿ. ಚಾ ಬಿಟ್ಟು ಎದ್ದುಹೋದ ಭಾವನವರು ತಮ್ಮ ಮನೆಯ ಹಳೇ ಬಾಕಿ ತೀರಿಸಲು ಬಂದಿದ್ದರೇನೋ. ಅಂಥವರ ಕೈಗೆ ಕೂಲಿ ಇಡಲು ಹೋದರೆ ನೋವಾಗದೆ ಇರುತ್ತದೆಯೇ?

ಅತ್ತೆಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಮುಯ್ಯಾಳಿನ ಕಟ್ಟು ಹಾಗೇ ಇದೆ: ನೀನು ನನಗೊಂದು ದಿನ, ನಾನು ನಿನಗೊಂದು ದಿನ. ಕಟ್ಟು ಬಿಗಿಯಾಗಿದ್ದಕ್ಕೇ ಅದು ಇಷ್ಟು ವರ್ಷ ಉಳಿದು ಬಂದಿದೆ. ಹಸಿ ಅಡಿಕೆ ಕೊಯ್ದ ಮೇಲೆ ಕಾಯುವುದಿಲ್ಲ. ಕೆಂಪಡಿಕೆ ಮಾಡುವುದಾದರೆ ಸುಲಿದು ಬೇಯಿಸಲೇಬೇಕು, ಅದೂ ಒಂದೆರಡು ದಿನದೊಳಗೆ. ಒಂದು ಮನೆಯವರೇ ಕೂತರೆ ರಾಶಿ ಕರಗುವುದಿಲ್ಲ. ಹತ್ತು ಮನೆಯವರು ಅಡಿಕೆ ಸುಲಿಯುವ ಹತ್ತು ಮೆಟ್ಟುಗತ್ತಿ ತಂದು ಕೂತರೆ ನಡುರಾತ್ರಿಯೊಳಗೆ ಹಂಡೆ ಒಲೆಗೇರುತ್ತದೆ. ಅದಕ್ಕೇ ಲೆಕ್ಕ. ಆದರೆ ಕೊಡುವುದು ಯಾವ ರೂಪದಲ್ಲಿರಬೇಕು ಎಂಬ ವಿಷಯದಲ್ಲಿ ಹಿರಿಯರು ಅತ್ತೆಯವರು ಹೇಳಿದಷ್ಟು ಬಿಗಿ ಇರಲಿಲ್ಲ. ಇದನ್ನು ನಮ್ಮ ಮನೆಯಲ್ಲೇ ಕಂಡಿದ್ದೇನೆ.

1969ರ ಬೇಸಿಗೆಯಲ್ಲಿ ನಮ್ಮಪ್ಪ ಮಂಗನ ಕಾಯಿಲೆಯಲ್ಲಿ ತೀರಿಕೊಂಡರು. ನನಗೆ ಒಂಬತ್ತು ವರ್ಷ, ನನ್ನ ಕೆಳಗೆ ಇಬ್ಬರು ತಮ್ಮಂದಿರು. ಸೊರಬದ ಕ್ಯಾಸನೂರು ಕಾಡಿನಲ್ಲಿ ಆ ಜ್ವರ ಮೊದಲು ಗುರುತಾದದ್ದು 1957ರಲ್ಲಿ. ಅದು ಉಣುಗಿನಿಂದ ಬರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ ಎಂಬುದು ನಮ್ಮ ಸಾಗರದ ಕಡೆಯ ಹಳ್ಳಿಗಳಲ್ಲಿ ಎಲ್ಲರಿಗೂ ಆಗ ತಿಳಿದಿರಲಿಲ್ಲ. ಜ್ವರದ ಮನೆಯೆಂದರೆ ಜನ ಹೆದರುತ್ತಿದ್ದರು. ಆದರೂ ಮಳೆ ಹಿಡಿದ ಮೇಲೆ ಕೇರಿಯವರು ನಮ್ಮ ಗದ್ದೆಗೆ ಇಳಿದರು. ಸಸಿ ಬಲಿತರೆ ಪೈರು ಏಳುವುದಿಲ್ಲ ಎಂದು ನಾಟಿಯಲ್ಲಿ ಎಲ್ಲರಿಗೂ ತಮ್ಮ ಗದ್ದೆ ಮೊದಲಾಗಬೇಕು. ಆ ವರ್ಷ ಊರಿನಲ್ಲಿ ಮೊದಲು ನಾಟಿಯಾದದ್ದು ನಮ್ಮ ಗದ್ದೆ. ಹಾಗೆ ಮಾಡಬೇಕೆಂದು ಯಾರು ಹೇಳಿದರು ಎಂಬುದು ಅಮ್ಮನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ.

ಅಮ್ಮನಿಗೆ ಓದು ಬರಹ ಬಾರದು. ಅಟ್ಟದ ಮೇಲೆ ಸಾಲಾಗಿ ತೆಂಗಿನ ಗೆರಟೆ ಇಟ್ಟಿದ್ದಳು, ಮನೆಗೊಂದು. ಯಾರ ಮನೆಯಿಂದ ಒಂದು ಆಳು ಬಂದರೂ ಆ ಮನೆಯ ಗೆರಟೆಗೆ ಒಂದು ಹುಣಸೆ ಬೀಜ. ತಾನು ಹೋಗಿ ದುಡಿದು ಬಂದ ಸಂಜೆ ಒಂದು ಬೀಜ ತೆಗೆಯುವಳು. ಹೆಂಗಸರ ನಾಟಿಯ ಆಳು ಹೀಗೇ ತೀರಿದವು. ಉಳಿದದ್ದು ಎತ್ತು ಕಟ್ಟಿಕೊಂಡು ಬಂದು ಉತ್ತವರದ್ದು. ನಮಗೆ ಎತ್ತಿಲ್ಲ, ಉಳುವ ಗಂಡಸಿಲ್ಲ. ಅಮ್ಮನಿಗೆ ಎಳೆಮಕ್ಕಳಿಗೆ ಎಣ್ಣೆ ಹಚ್ಚಿ ನೀರೆರೆಯುವ ಕೈ ಚೆನ್ನಾಗಿತ್ತು. ಉತ್ತವರ ಮನೆಯ ಸೊಸೆಯರಿಗೆ ಹೆರಿಗೆಯಾದಾಗ ಬೆಳಿಗ್ಗೆ ಹೋಗಿ ಬಾಣಂತನ ಮಾಡಿ ಬರುತ್ತಿದ್ದಳು. ಎಷ್ಟು ನೀರಿಗೆ ಒಂದು ಬೀಜ ಎಂದು ಅವಳೇ ಗೊತ್ತು ಮಾಡಿಕೊಂಡಿದ್ದಳು. ಉತ್ತವರು ಆ ಲೆಕ್ಕ ಕೇಳಿದವರೇ ಅಲ್ಲ. ಒಂದು ಗೆರಟೆಯಲ್ಲಿ ಮಾತ್ರ ಎಂಟು ಬೀಜ ವರ್ಷಗಟ್ಟಲೆ ಕೂತಿದ್ದವು. ಅದು ಮಕ್ಕಳಿಲ್ಲದ ಒಬ್ಬ ಅಜ್ಜನದು. ಅವರು ಹಾಸಿಗೆ ಹಿಡಿದಾಗ ಅಮ್ಮ ದಿನಾ ಗಂಜಿ ಒಯ್ದಳು. ಅವರು ಹೋದ ಮೇಲೆ ಹದಿಮೂರು ದಿನವೂ ಆ ಮನೆಯ ಒಲೆ ಮುಂದೆ ನಿಂತಳು. ಮನೆಗೆ ಬಂದು ಗೆರಟೆ ಬೋರಲು ಹಾಕಿದ್ದನ್ನು ನಾನು ನೋಡಿದ್ದೇನೆ.

ಈಗ ನಿಮ್ಮ ಮನೆಯ ವಿಚಾರ. ನೀವು ಹೋಗಲಾಗದಿದ್ದರೆ ಅವರ ಅಡಿಕೆ ನಿಮ್ಮ ಜಗಲಿಗೆ ಬರಲಿ. ಬರುವ ಕೊಯ್ಲಿಗೆ ಕೇರಿಯವರನ್ನು ಕೂರಿಸಿಕೊಂಡು ನೀವೇ ಬಾಯಿಬಿಟ್ಟು ಹೇಳಿ: “ಅಕ್ಕಪಕ್ಕದ ಮೂರು ಮನೆಯ ಗೊನೆ ನಮ್ಮಲ್ಲಿ ಇಳಿಸಿ, ನಮ್ಮ ಜಗಲಿಯಲ್ಲೇ ಸುಲಿಯೋಣ.” ದೀಪ ನಿಮ್ಮದು, ಕಷಾಯ ನಿಮ್ಮದು, ನಿಮ್ಮ ಮೆಟ್ಟುಗತ್ತಿಯೂ ಸಾಲಿನಲ್ಲಿರುತ್ತದೆ. ನಡುವೆ ಎದ್ದು ಯಜಮಾನರನ್ನು ಮಗ್ಗುಲು ಬದಲಿಸಿ ಬರಬಹುದು. ಎರಡು ಗಂಟೆಗೊಮ್ಮೆ ಅದನ್ನು ತಪ್ಪಿಸಲೇಬೇಡಿ. ಬೆನ್ನುಹುರಿ ಪೆಟ್ಟಿನವರಿಗೆ ಒತ್ತುಹುಣ್ಣು ಬಂದರೆ ವಾಸಿಯಾಗಲು ತಿಂಗಳುಗಟ್ಟಲೆ ಬೇಕು.

ಯಜಮಾನರ ಕೈ, ಕಣ್ಣು ಚೆನ್ನಾಗಿವೆ ತಾನೇ? ಕೂರಲು ಆಗುತ್ತಿದ್ದರೆ ಒಣಗಿದ ಅಡಿಕೆ ಆರಿಸುವ ಕೆಲಸ ಅವರಿಗೆ ಕೊಡಿ. ರಾಶಿ, ಬೆಟ್ಟೆ, ಗೊರಬಲು ಎಂಬ ದರ್ಜೆಗಳನ್ನು ಬೇರೆ ಮಾಡುವುದಕ್ಕೆ ಕಾಲು ಬೇಡ, ಅನುಭವ ಬೇಕು. ವರ್ಷಗಟ್ಟಲೆ ತೋಟದಲ್ಲಿ ಬೆಳೆದ ಕಣ್ಣು ಅದು. ಕೇರಿಯಲ್ಲಿ ಅರ್ಧ ಜನ ಆರಿಸದೆ ಮಂಡಿಗೆ ಹಾಕಿ ದರ ಕಳೆದುಕೊಳ್ಳುತ್ತಾರೆ. ನಿಮ್ಮ ಕಾಗದದ ತುಂಬ ನಿಮ್ಮ ಸಂಕಟವಿದೆ, ಅವರು ಏನು ಹೇಳುತ್ತಾರೆ ಎಂಬ ಒಂದು ಸಾಲಿಲ್ಲ. ಊರಿಗೆಲ್ಲ ಆಳಾಗಿದ್ದ ಮನುಷ್ಯ ಈಗ ಮಲಗಿ ಸೂರು ನೋಡುತ್ತಿದ್ದಾರೆ. ನನಗೆ ನಿಮಗಿಂತ ಅವರದ್ದೇ ಹೆಚ್ಚು ಯೋಚನೆಯಾಗಿದೆ.

ಒಂದು ವಿಷಯದಲ್ಲಿ ಮಾತ್ರ ಮುಯ್ಯಾಳು ಬೇಡ. ಮರ ಹತ್ತುವ ಕೆಲಸವನ್ನು ಕೂಲಿ ಕೊಟ್ಟೇ ಮಾಡಿಸಿ, ಆದಷ್ಟು ನೆಲದ ಮೇಲೆ ನಿಂತು ಉದ್ದ ಕೋಲಿನ ದೋಟಿಯಲ್ಲಿ ಕೊಯ್ಯುವವರನ್ನು ಕರೆಯಿರಿ. ಒಬ್ಬರನ್ನು ಕೆಡವಿದ ತೋಟದಲ್ಲಿ ಇನ್ನೊಬ್ಬರು ಸ್ನೇಹಕ್ಕೆ ಹತ್ತುವುದು ಸರಿಯಲ್ಲ. ಬಳೆ ಮಾರುವ ಕಾಲ ಎಂದಾದರೂ ಬಂದರೆ ಅದು ಇದಕ್ಕೆ. ಕೊಳೆ ಔಷಧಿಗೂ ಹಾಗೇ: ಹೊಡೆಯುವವರು ಕೂಲಿಯವರಿರಲಿ, ಕಲಸುವುದು ನಿಮ್ಮ ಅಂಗಳದಲ್ಲಿ ಆಗಲಿ. ನೂರು ಲೀಟರ್ ನೀರಿಗೆ ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ಎರಡನ್ನೂ ಬೇರೆಬೇರೆ ಕರಗಿಸಿ ಸೇರಿಸಬೇಕು; ಚೂರಿ ಅದ್ದಿದರೆ ಕೆಂಪು ಹಿಡಿಯಬಾರದು, ಹಿಡಿದರೆ ಸುಣ್ಣ ಸಾಲದು. ಇದನ್ನು ಗಡಿಬಿಡಿಯಿಲ್ಲದೆ ಮಾಡುವ ಒಬ್ಬರಿದ್ದರೆ ಹನ್ನೊಂದು ಮನೆಗೂ ಉಪಕಾರ.

ಇನ್ನು ಕೇರಿಯವರಿಂದ ಆಗದ ಕೆಲಸಗಳು. ಯಜಮಾನರ ಬ್ಯಾಂಕ್ ಪಾಸ್‌ಬುಕ್ ತೆಗೆದು ಮೇ ಕೊನೆ, ಜೂನ್ ಮೊದಲ ವಾರದ ಸಾಲು ನೋಡಿ. 20 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯ ಕಂತು. ಎಷ್ಟೋ ಜನರಿಗೆ ತಾವು ಸೇರಿದ್ದೇ ಗೊತ್ತಿರುವುದಿಲ್ಲ. ಅಪಘಾತದಲ್ಲಿ ಎರಡೂ ಕಾಲಿನ ಬಳಕೆ ಪೂರ್ತಿ ಹೋದರೆ 2 ಲಕ್ಷ ರೂಪಾಯಿ ಸಿಗಬೇಕು. ಅರ್ಜಿಗೆ 30 ದಿನದ ಗಡುವಿದೆ. ದಾಟಿದ್ದರೆ ಆಸ್ಪತ್ರೆಯ ಕಾಗದ ಲಗತ್ತಿಸಿ, ತಡವಾದ ಕಾರಣ ಬರೆದು ಕೊಡಿ. ಇಲ್ಲವೆಂದು ಅವರೇ ಹೇಳಲಿ, ನೀವಾಗಿ ಕೈಬಿಡಬೇಡಿ. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ, ಪಿಂಚಣಿಗೆ ಅದು ಬೇಕಾಗುತ್ತದೆ. ಸಹಕಾರಿ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಆರೋಗ್ಯ ಯೋಜನೆಗೆ ಹೆಸರು ಬರೆಸಿ: ಹಳ್ಳಿಯ ನಾಲ್ಕು ಜನರ ಕುಟುಂಬಕ್ಕೆ ವರ್ಷಕ್ಕೆ 500 ರೂಪಾಯಿ ಎಂದು 2022ರಲ್ಲಿ ಅದು ಮತ್ತೆ ಶುರುವಾಯಿತು. ಬೆಳ್ತಂಗಡಿ ತಾಲೂಕಿನ ಕೊಕ್ಕಡ ಬಳಿಯ ಸೌತಡ್ಕದಲ್ಲಿ ಸೇವಾಧಾಮ ಎಂಬ ಪುನಶ್ಚೇತನ ಕೇಂದ್ರವಿದೆ. ಬೆನ್ನುಹುರಿ ಪೆಟ್ಟಿನವರು ತಾವೇ ಗಾಲಿಕುರ್ಚಿಗೆ ಇಳಿಯುವುದು, ಮೈ ನೋಡಿಕೊಳ್ಳುವುದು ಅಲ್ಲಿ ಕಲಿಯುತ್ತಾರೆ. ಒಮ್ಮೆ ಹೋಗಿ ಬನ್ನಿ. ಆಗ ನಿಮ್ಮ ಎರಡು ಗಂಟೆ ನಾಲ್ಕಾದೀತು.

ಮುಂದಿನ ವರ್ಷ ಹನ್ನೊಂದು ಮನೆಯಲ್ಲಿ ಆರು ಮನೆಯವರೇ ಬಂದಾರು. ಬೇಸರ ಮಾಡಿಕೊಳ್ಳಬೇಡಿ, ಅವರವರ ಮನೆಯಲ್ಲೂ ಒಂದೊಂದು ಇರುತ್ತದೆ. ಮದುವೆ ಮನೆಗೆ ಮಾತ್ರ ಹೋಗಿ. ಅತ್ತೆಯವರು ಎರಡು ಗಂಟೆ ಮಗನ ಹತ್ತಿರ ಕೂರಲಿ, ಮಗಳನ್ನೂ ಕರೆದುಕೊಂಡು ಹೋಗಿ ಹೋಳಿಗೆ ಬಡಿಸಲು ನಿಲ್ಲಿ.

ಪ್ರಶ್ನೆ: ನಾನು ಬೆಂಗಳೂರಿನಲ್ಲಿದ್ದೇನೆ. ತಾಯಿಯ ತವರು ರೋಣ ತಾಲೂಕಿನ ಮಲಪ್ರಭೆ ದಂಡೆ. ಹೊಳೆ ಬಂದಾಗಲೆಲ್ಲ ನಮ್ಮ ಅಪಾರ್ಟ್‌ಮೆಂಟಿನ ನಲವತ್ತು ಮನೆಯವರು ಬಟ್ಟೆ ಕೂಡಿಸಿ ಕಳಿಸಲು ಸಿದ್ಧರಿದ್ದಾರೆ. ಇದು ಉಪಯೋಗವಾಗುತ್ತದೆಯೇ?
— ಓದುಗ, ಬೆಂಗಳೂರು

ಉತ್ತರ: ಹಳೇ ಬಟ್ಟೆ ಬೇಡ ತಮ್ಮಾ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿದಾಗ ನಮ್ಮ ಸಂಘದವರ ಜೊತೆ ನಾನೂ ಆ ಕಡೆ ಹೋಗಿದ್ದೆ. ಒಂದು ಶಾಲೆಯ ವರಾಂಡದಲ್ಲಿ ಮೊಣಕಾಲೆತ್ತರ ಬಟ್ಟೆ ಬಿದ್ದಿತ್ತು, ಗುಂಡಿಯಿಲ್ಲದ ಅಂಗಿ, ಪಾರ್ಟಿಗೆ ಹಾಕುವ ಗೌನು. ಹೊಲದಲ್ಲಿ ದುಡಿಯುವ ಹೆಂಗಸರು ಅದನ್ನು ಎತ್ತಿ ನೋಡಿ ಹಾಗೇ ಇಡುತ್ತಿದ್ದರು. ಅವರು ನಮ್ಮನ್ನು ಕೇಳಿದ್ದು ಬೇರೆ: ಮನೆಯೊಳಗಿನ ಕೆಸರು ಎತ್ತಲು ಸಲಿಕೆ-ಬುಟ್ಟಿ, ಕಟ್ಟಿದ್ದ ಜಾಗದಲ್ಲೇ ನಿಂತಿದ್ದ ಎಮ್ಮೆಗಳಿಗೆ ಮೇವು, ನೆನೆದುಹೋದ ಪುಸ್ತಕದ ಬದಲು ಮಕ್ಕಳಿಗೆ ಪುಸ್ತಕ. ಪಾತ್ರೆ ತೊಳೆದಿಟ್ಟ ಮೇಲೆ ಒಬ್ಬ ಅಜ್ಜಿ ನಮಗೇ ರೊಟ್ಟಿ ಬಡಿದು ಕೊಟ್ಟರು. ಹಿಟ್ಟು ಪಕ್ಕದ ಎತ್ತರದ ಓಣಿಯವರದು.

ನಲವತ್ತು ಮನೆಯ ದುಡ್ಡು ಕೂಡಿಸಿ, ನಿಮ್ಮ ಸೋದರಮಾವನಿಗೆ ಫೋನ್ ಮಾಡಿ. ಲಾರಿ ಮೇವು ಎಲ್ಲಿ ಸಿಗುತ್ತದೆ, ಎಷ್ಟು ದನ ಉಳಿದಿವೆ ಎಂದು ಕೇಳಿ. ಬಾಡಿಗೆ ಮತ್ತು ಮೇವಿನ ಚೀಟಿಯ ಫೋಟೊ ಮಾತ್ರ ನಿಮ್ಮ ಗುಂಪಿಗೆ ಹಾಕಿ. ಪಡೆದವರ ಮುಖದ ಫೋಟೊ ಬೇಡ.