ಗಿಟಾರ್ ಆಂಪಿನ 6ವಿ6 ಕೆಂಪಾಗ್ತಿದೆ ಅಂತ ಹೊಸ ವಾಲ್ವ್ ತರೋಕೆ ಮುಂಚೆ ಇಷ್ಟು ಅಳೆದು ನೋಡಿ

ಸರ್, ನಿಮ್ಮ ಪೋಸ್ಟ್ ಪೂರ್ತಿ ಓದಿದೆ, ಫೋಟೋನೂ ದೊಡ್ಡದು ಮಾಡಿ ನೋಡಿದೆ. ನೀವು ಕಟ್ಟಿರೋ ಗಿಟಾರ್ ಆಂಪ್ಲಿಫೈಯರ್ ಫೆಂಡರ್ ಚಾಂಪ್ 5ಎಫ್1 ಸರ್ಕ್ಯೂಟು, ಸಿಗ್ನಲ್ ದೊಡ್ಡದು ಮಾಡೋ ವಾಲ್ವ್ 12ಎಎಕ್ಸ್7 ಒಂದು, ಸ್ಪೀಕರ್ ಓಡಿಸೋ ಔಟ್‌ಪುಟ್ ವಾಲ್ವ್ 6ವಿ6 ಒಂದು, ಎಸಿಯನ್ನ ಡಿಸಿ ಮಾಡೋ ರೆಕ್ಟಿಫೈಯರ್ 5ವೈ3, ಕೆಪಾಸಿಟರ್ ಎಲ್ಲಾ ಹಳೇ ವಾಲ್ವ್ ರೇಡಿಯೋದಿಂದ ಬಿಚ್ಚಿದ್ದು. ಬಿಸಿಯಾಗ್ತಿದ್ದ ಹಾಗೇ ಹಮ್ (ಗುಂಯ್ ಅನ್ನೋ ಸದ್ದು) ಬರುತ್ತೆ, ವಾಲ್ಯೂಮ್ ಅರ್ಧ ದಾಟಿದ್ರೆ ಕೀಂ ಅಂತ ಕಿರುಚುತ್ತೆ, ಸ್ವಲ್ಪ ಹೊತ್ತಿಗೆ 6ವಿ6 ಪ್ಲೇಟ್ (ಒಳಗಡೆ ಎಲೆಕ್ಟ್ರಾನ್ ಬಂದು ಸೇರೋ ಲೋಹದ ಭಾಗ) ಕೆಂಪಗಾಗುತ್ತೆ ಅಂದಿದೀರ. ಮೇಲೆ ಕಾಮೆಂಟಲ್ಲಿ ಎಲ್ರೂ ವಾಲ್ವ್ ಚೇಂಜ್ ಮಾಡಿ ಅಂತಿದಾರೆ, ದಯವಿಟ್ಟು ಈಗ್ಲೇ ಬೇಡ, ಕಾರಣ ಹುಡುಕದೆ ಹೊಸದು ಹಾಕಿದ್ರೆ ಅದೂ ಹಾಳಾಗುತ್ತೆ.

ಮೊದ್ಲು ಜೀವದ ವಿಷ್ಯ. ಈ ಸರ್ಕ್ಯೂಟಲ್ಲಿ 300 ವೋಲ್ಟಿಗಿಂತ ಜಾಸ್ತಿ ಡಿಸಿ ಇರುತ್ತೆ, ಪ್ಲಗ್ ಕಿತ್ತ ಮೇಲೂ ಡಿಸಿಯನ್ನ ಸಮ ಮಾಡೋ ಫಿಲ್ಟರ್ ಕೆಪಾಸಿಟರಲ್ಲಿ ಉಳ್ಕೊಂಡಿರುತ್ತೆ. ಸ್ಕ್ರೂಡ್ರೈವರ್ ಇಟ್ಟು ಚಟ್ ಅನ್ಸೋ ಅಭ್ಯಾಸ ಇದ್ರೆ ಬಿಡಿ, 10 ಕಿಲೋ ಓಮ್ 5 ವ್ಯಾಟ್ ರೆಸಿಸ್ಟರಿಗೆ ಎರಡು ಕ್ರೊಕಡೈಲ್ ಕ್ಲಿಪ್ ಹಾಕಿ ಇಟ್ಕೊಳ್ಳಿ, ಅದನ್ನ ಕೆಪಾಸಿಟರಿನ ಎರಡು ತುದಿಗೆ ಹತ್ತು ಸೆಕೆಂಡ್ ಸಿಕ್ಕಿಸಿಟ್ಟು, ಆಮೇಲೆ ಮೀಟರಲ್ಲಿ ಸೊನ್ನೆ ಹತ್ರ ಬಂತಾ ನೋಡಿಯೇ ಕೈ ಹಾಕಿ. ಪವರ್ ಇರೋವಾಗ ಅಳೆಯೋದಾದ್ರೆ ಮೀಟರಿನ ಕಪ್ಪು ವಯರ್ ಆಂಪಿನ ಲೋಹದ ಚಾಸಿಗೆ ಕ್ಲಿಪ್ ಮಾಡಿ, ಒಂದೇ ಕೈ ಬಳಸಿ. ಚಾಸಿಗೆ ಮೂರನೇ ಪಿನ್ನಿನ ಅರ್ತ್ ಇರ್ಲೇಬೇಕು. ಸ್ಪೀಕರ್ ಇಲ್ದೆ ಆನ್ ಮಾಡ್ಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗ್ಬಹುದು. ರೇಡಿಯೋ ರಿಪೇರಿಯವರ ಸೀರೀಸ್ ಬಲ್ಬ್ ಬೋರ್ಡ್ (ಬಲ್ಬ್ ಮೂಲಕವೇ ಕರೆಂಟ್ ಹಾಯಿಸೋದು) ಇದ್ರೆ 60 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬ್ ಹಾಕಿ ಆನ್ ಮಾಡಿ. ಬಲ್ಬ್ ಪೂರ್ತಿ ಪ್ರಕಾಶವಾಗಿ ಉರೀತಾನೇ ಇದ್ರೆ ಎಲ್ಲೋ ಶಾರ್ಟ್ ಇದೆ ಅಂತ.

ಈಗ ಕೆಂಪಾಗೋ ವಿಷ್ಯ, ಇದೇ ಮುಖ್ಯ. ನೀವೇ ಬರೆದಿರೋ ರೀಡಿಂಗ್ ನೋಡಿ: ಪ್ಲೇಟ್ 335 ವೋಲ್ಟ್, ಎಲೆಕ್ಟ್ರಾನ್ ಹೊರಡೋ ಕ್ಯಾಥೋಡ್ (8ನೇ ಪಿನ್) 28 ವೋಲ್ಟ್. ಕ್ಯಾಥೋಡ್ ರೆಸಿಸ್ಟರ್ 470 ಓಮ್, ಅಂದ್ರೆ 28ನ್ನ 470ರಿಂದ ಭಾಗಿಸಿದ್ರೆ ಸುಮಾರು 60 ಮಿಲಿ ಆಂಪ್. ಪ್ಲೇಟಿಗೂ ಕ್ಯಾಥೋಡಿಗೂ ನಡುವೆ 307 ವೋಲ್ಟ್, ಗುಣಿಸಿದ್ರೆ 18 ವ್ಯಾಟ್, ಅದ್ರಲ್ಲಿ ಸ್ಕ್ರೀನ್ ಅನ್ನೋ ಇನ್ನೊಂದು ಗ್ರಿಡ್ ಎಳೆಯೋ ಕರೆಂಟ್ ಕಳೆದ್ರೂ 16-17ಕ್ಕಿಂತ ಕೆಳಗೆ ಇಳಿಯಲ್ಲ. 6ವಿ6ಜಿಟಿ ತಡೆಯೋದು 12ರಿಂದ 14 ವ್ಯಾಟ್. ಚೆನ್ನಾಗಿರೋ ಚಾಂಪಲ್ಲಿ ಕ್ಯಾಥೋಡ್ 19-20 ವೋಲ್ಟ್ ಆಸುಪಾಸು ಇರುತ್ತೆ. ಇಷ್ಟು ಕರೆಂಟ್ ಎಳೀತಿದೆ ಅಂದ್ರೆ ಕರೆಂಟನ್ನ ಹತೋಟಿಯಲ್ಲಿಡೋ ಗ್ರಿಡ್ಡಿಗೆ ಎಲ್ಲಿಂದಲೋ ಪಾಸಿಟಿವ್ ವೋಲ್ಟೇಜ್ ಬರ್ತಿದೆ ಅನ್ನೋದು ನನ್ನ ಮೊದಲ ಅನುಮಾನ.

6ವಿ6 ಗ್ರಿಡ್, ಅಂದ್ರೆ 5ನೇ ಪಿನ್ ಅಳೀರಿ, ಅಲ್ಲಿ ಸೊನ್ನೆ ಇರ್ಬೇಕು. ಪಾಸಿಟಿವ್ ತೋರಿಸಿದ್ರೆ ಆಫ್ ಮಾಡಿ, ಡಿಸ್ಚಾರ್ಜ್ ಮಾಡಿ, 6ವಿ6 ತೆಗೆದು, ಸೀರೀಸ್ ಬಲ್ಬ್ ಮೂಲಕವೇ ಆನ್ ಮಾಡಿ ಖಾಲಿ ಸಾಕೆಟ್ಟಲ್ಲಿ ಅದೇ ಪಿನ್ ಅಳೀರಿ. ಬೇಗ ಅಳೆದು ಆಫ್ ಮಾಡ್ಬೇಕು, ಯಾಕಂದ್ರೆ ಲೋಡ್ ಇಲ್ದಾಗ ಬಿ ಪ್ಲಸ್ (ಮುಖ್ಯ ಡಿಸಿ ವೋಲ್ಟೇಜ್) ಏರುತ್ತೆ, 450 ವೋಲ್ಟ್ ಕೆಪಾಸಿಟರಿಗೂ ಕಷ್ಟ. ವಾಲ್ವ್ ಇಲ್ದೇನೂ ವೋಲ್ಟೇಜ್ ಬರ್ತಿದ್ರೆ 12ಎಎಕ್ಸ್7ರಿಂದ ಡಿಸಿ ತಡೆದು ಸಿಗ್ನಲ್ ಮಾತ್ರ ದಾಟಿಸೋ 0.02 ಮೈಕ್ರೋಫ್ಯಾರಡ್ ಕಪ್ಲಿಂಗ್ ಕೆಪಾಸಿಟರ್ ಲೀಕ್. ವಾಲ್ವ್ ತೆಗೆದಾಗ ಸೊನ್ನೆ, ಹಾಕಿದಾಗ ಪಾಸಿಟಿವ್ ಆದ್ರೆ ಮಾತ್ರ ವಾಲ್ವ್ ಮೇಲೆ ಅನುಮಾನ ಪಡಿ, ಮತ್ತೆ 5ನೇ ಪಿನ್ನಿಂದ ಗ್ರೌಂಡಿಗೆ ಇರೋ 220 ಕಿಲೋ ಓಮ್ ಸರಿಯಾಗಿ ಬೆಸುಗೆ ಆಗಿದೆಯಾ ಅಂತಾನೂ ನೋಡಿ. ಫೋಟೋದಲ್ಲಿ ಕಾಣೋದು ಹಳೇ ಮೇಣದ ಪೇಪರ್ ಕೆಪಾಸಿಟರ್ ಥರ ಇದೆ, ಅವು ವಯಸ್ಸಾದ್ರೆ ಲೀಕ್ ಆಗೇ ಆಗುತ್ತೆ, ಮಲ್ಟಿಮೀಟರಿನ ಕೆಪಾಸಿಟೆನ್ಸ್ ರೇಂಜಲ್ಲಿ ಸರಿಯಾಗೇ ತೋರಿಸಿದ್ರೂ 200 ವೋಲ್ಟ್ ಬಿದ್ದಾಗ ಬಿಟ್ಕೊಡುತ್ತೆ. ಬೆಂಗಳೂರಿನ ಎಸ್‌ಪಿ ರೋಡಲ್ಲಿ 630 ವೋಲ್ಟಿನ 0.022 ಪಾಲಿಪ್ರೊಪಿಲೀನ್ ಕೇಳಿ, ವಾಲ್ವಿನ ಬೆಲೆಗೆ ಹೋಲಿಸಿದ್ರೆ ಅದು ಲೆಕ್ಕಕ್ಕೇ ಇಲ್ಲ.

ಕರೆಂಟ್ ಸರಿಹೋದ್ರೆ ಹಮ್ಮೂ ಸ್ವಲ್ಪ ಇಳಿಯುತ್ತೆ, ಲೋಡ್ ಜಾಸ್ತಿ ಇದ್ದಾಗ ರಿಪಲ್ (ಡಿಸಿಯಲ್ಲಿ ಉಳಿಯೋ ಏರಿಳಿತ) ಜಾಸ್ತಿ. ಉಳಿದ ಹಮ್ ಯಾವುದು ಅಂತ ಗಿಟಾರಲ್ಲೇ ಪತ್ತೆ ಮಾಡ್ಬಹುದು: ದಪ್ಪ ಇ ತಂತಿ ಮೂರನೇ ಫ್ರೆಟ್ 98 ಹರ್ಟ್ಸ್, ಹಮ್ ಹೆಚ್ಚುಕಮ್ಮಿ ಅದೇ ಸ್ವರದಲ್ಲಿದ್ರೆ ಅದು 100 ಹರ್ಟ್ಸ್, ರೆಕ್ಟಿಫೈಯರ್ ಆದ್ಮೇಲಿನ ರಿಪಲ್, ಅಂದ್ರೆ ಫಿಲ್ಟರ್ ಕೆಪಾಸಿಟರ್ ಒಣಗಿದೆ, ಆ ರೇಡಿಯೋ ಕೆಪಾಸಿಟರ್ ಎಲ್ಲಾ ತೆಗೆದು ಹೊಸದು ಹಾಕಿ. ಒಂದು ಆಕ್ಟೇವ್ ಕೆಳಗಿದ್ರೆ 50 ಹರ್ಟ್ಸ್, ಹೆಚ್ಚಾಗಿ ವಾಲ್ವ್ ಬಿಸಿ ಮಾಡೋ ಹೀಟರ್ ಕಡೆಯಿಂದ ಬರ್ತಿರೋದು. ನಿಮ್ಮ ಟ್ರಾನ್ಸ್‌ಫಾರ್ಮರಲ್ಲಿ ಹೀಟರಿನ 6.3 ವೋಲ್ಟಿಗೆ ಸೆಂಟರ್ ಟ್ಯಾಪ್ (ನಡುವಿನ ವಯರ್) ಕಾಣ್ತಿಲ್ಲ, ಹೀಟರ್ ಲೈನ್ ಗ್ರೌಂಡಿಗೆ ಸೇರದೆ ತೇಲ್ತಾ ಇದ್ರೆ ಹಮ್ ಬಂದೇ ಬರುತ್ತೆ. ಎರಡೂ ಕಡೆಯಿಂದ ಗ್ರೌಂಡಿಗೆ 100 ಓಮ್ ಅರ್ಧ ವ್ಯಾಟ್ ಒಂದೊಂದು ಹಾಕಿ, ಹೀಟರ್ ವಯರನ್ನ ಚೆನ್ನಾಗಿ ಹುರಿ ಮಾಡಿ ಚಾಸಿ ಮೂಲೆಗೆ ಒತ್ತಿ. 12ಎಎಕ್ಸ್7 ತೆಗೆದ್ರೂ ಹಮ್ ಅಷ್ಟೇ ಇದ್ರೆ ಪವರ್ ಸಪ್ಲೈ ಅಥವಾ 6ವಿ6 ಸ್ಟೇಜ್, ನಿಂತ್ರೆ ಪ್ರೀಆಂಪ್ (12ಎಎಕ್ಸ್7 ಭಾಗ). ಒಂದೇ ಔಟ್‌ಪುಟ್ ವಾಲ್ವ್ ಇರೋದ್ರಿಂದ ಎರಡು ವಾಲ್ವಿನ ಪುಷ್ ಪುಲ್ ಥರ ರಿಪಲ್ ಕ್ಯಾನ್ಸಲ್ ಆಗಲ್ಲ, ಕಿವಿ ಸ್ಪೀಕರ್ ಹತ್ರ ಇಟ್ರೆ ಕೇಳೋಷ್ಟು ಇದ್ದೇ ಇರುತ್ತೆ.

ಕಿರುಚೋದಕ್ಕೆ ಮೇಲೆ ಒಬ್ರು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಪ್ರೈಮರಿ ವಯರ್ ಅದಲು ಬದಲು ಮಾಡಿ ಅಂದಿದಾರೆ. ಫೀಡ್‌ಬ್ಯಾಕ್ (ಔಟ್‌ಪುಟ್ಟಿಂದ ಸ್ವಲ್ಪ ಸಿಗ್ನಲ್ ಹಿಂದಕ್ಕೆ ಕೊಡೋದು) ಉಲ್ಟಾ ಆಗಿದ್ರೆ ಅದು ಸರಿಯಾದ ಮದ್ದೇ, ಆದ್ರೆ ಈ ಸರ್ಕ್ಯೂಟಲ್ಲಿ 22 ಕಿಲೋ ಓಮ್ ಫೀಡ್‌ಬ್ಯಾಕ್ ಹೋಗೋದು 12ಎಎಕ್ಸ್7ರ ಎರಡನೇ ಸ್ಟೇಜಿನ ಕ್ಯಾಥೋಡಿಗೆ, ವಾಲ್ಯೂಮ್ ಅದಕ್ಕಿಂತ ಮುಂಚೆನೇ ಇದೆ, ಹಾಗಾಗಿ ಅದು ತಪ್ಪಿದ್ರೆ ವಾಲ್ಯೂಮ್ ಸೊನ್ನೆಯಲ್ಲಿದ್ರೂ ಊಳಿಡುತ್ತೆ. ನಿಮ್ಮದು ಅರ್ಧ ದಾಟಿದ್ರೆ ಮಾತ್ರ. ಫೋಟೋದಲ್ಲಿ ವಾಲ್ಯೂಮ್ ಪಾಟಿನ ನಡು ಕಾಲಿಂದ 12ಎಎಕ್ಸ್7ರ 7ನೇ ಪಿನ್ನಿಗೆ (ಎರಡನೇ ಸ್ಟೇಜಿನ ಗ್ರಿಡ್) ಹೋಗೋ ವಯರು 6ವಿ6 ಪ್ಲೇಟ್ ವಯರ್ ಜೊತೆಗೇ ಕಟ್ಟಿದೀರ. ಆ ಗ್ರಿಡ್ಡಿಂದ 6ವಿ6 ಪ್ಲೇಟ್ ತನಕ ಸಿಗ್ನಲ್ ಎರಡು ಸಲ ಉಲ್ಟಾ ಆಗುತ್ತೆ, ಅಂದ್ರೆ ಹೊರಟ ದಿಕ್ಕಿಗೇ ಬಂದು ನಿಲ್ಲುತ್ತೆ, ಪಕ್ಕದಲ್ಲಿ ವಯರ್ ಸಿಕ್ಕಿದ್ರೆ ಕಿರುಚೋದೇ. ಟೈ ಕತ್ತರಿಸಿ ಎರಡನ್ನೂ ದೂರ ಮಾಡಿ, ಗ್ರಿಡ್ ವಯರಿಗೆ ಶೀಲ್ಡೆಡ್ ಹಾಕಿ ಶೀಲ್ಡನ್ನ ಒಂದೇ ತುದಿಯಲ್ಲಿ ಗ್ರೌಂಡ್ ಮಾಡಿ. ಆಮೇಲೆ ಒಣಗಿದ ಬಿದಿರು ಕಡ್ಡಿಯಿಂದ ಒಂದೊಂದೇ ವಯರ್ ಸರಿಸ್ತಾ ಕೇಳಿ, ಎಲ್ಲಿ ಸದ್ದು ಬದಲಾಗುತ್ತೋ ಅಲ್ಲೇ ನಿಮ್ಮ ಕೆಲ್ಸ.

6ವಿ6 ಇದ್ದಾಗ ಒಂದು, ಇಲ್ದಾಗ ಒಂದು, 5ನೇ ಪಿನ್ನಿನ ಎರಡು ರೀಡಿಂಗ್ ಇಲ್ಲೇ ಹಾಕಿ. ಹೀಟರಿನ ಎಸಿ ವೋಲ್ಟೇಜೂ ಬರೀರಿ, ನಿಮ್ಮ ಕಡೆ ಲೈನ್ 240 ದಾಟುತ್ತೆ ಅಂದಿದ್ರಿ, ಟ್ರಾನ್ಸ್‌ಫಾರ್ಮರ್ 220ರದ್ದಾದ್ರೆ ಹೀಟರ್ 6.9 ಮೇಲೆ ಹೋಗಿರ್ಬಹುದು, ಅದನ್ನ ಬೇರೆಯಾಗಿ ಸರಿ ಮಾಡೋಣ.