ಪೇಟೆಂಟ್ ಇಲ್ಲದಿದ್ದರೂ ಪ್ರಶ್ನಿಸಬಹುದು

"ನಾವು 2 ವರ್ಷ ಮೊದಲೇ ರೂಪಿಸಿ ಎಲ್ಲರ ಮುಂದಿಟ್ಟ ವಿಧಾನಕ್ಕೆ ಕಂಪನಿಯೊಂದು ಪೇಟೆಂಟ್ ಪಡೆದಿದೆ, ನಾವು ಅರ್ಜಿಯನ್ನೇ ಹಾಕಿರಲಿಲ್ಲ, ಎಲ್ಲ ಮುಗಿಯಿತೇ?" ಎಂದು ಕೇಳಿದ್ದೀರಿ. ಖಂಡಿತ ಮುಗಿದಿಲ್ಲ. ಅವರ ಪೇಟೆಂಟನ್ನು ರದ್ದು ಮಾಡಿಸಲು ನಿಮ್ಮ ಹೆಸರಿನಲ್ಲಿ ಪೇಟೆಂಟ್ ಇರಬೇಕಾಗಿಲ್ಲ. ಅವರ ಅರ್ಜಿಗಿಂತ ಮೊದಲೇ ವಿಷಯ ಬಹಿರಂಗವಾಗಿತ್ತು ಎಂದು ದಾಖಲೆ ಸಮೇತ ತೋರಿಸಬೇಕು, ಅಷ್ಟೇ.

ಒಂದು ಉದಾಹರಣೆ ನೋಡಿ. ಆರಂಭದ ಎಲೆಕ್ಟ್ರಾನಿಕ್ ಕಂಪ್ಯೂಟರುಗಳಲ್ಲೊಂದಾದ ಎನಿಯಾಕ್‌ನ ಪೇಟೆಂಟ್ ಮಂಜೂರಾದದ್ದು 1964ರಲ್ಲಿ. 1973ರಲ್ಲಿ ಅಮೆರಿಕದ ನ್ಯಾಯಾಧೀಶ ಅರ್ಲ್ ಲಾರ್ಸನ್ ಅದನ್ನು ಅಸಿಂಧುವೆಂದು ಘೋಷಿಸಿದರು. ಏಕೆಂದರೆ ಎನಿಯಾಕ್ ರೂಪಿಸಿದವರಲ್ಲೊಬ್ಬರಾದ ಜಾನ್ ಮಾಕ್ಲಿ 1941ರಲ್ಲೇ ಅಮೆರಿಕದ ಅಯೋವಾ ರಾಜ್ಯಕ್ಕೆ ಹೋಗಿ, ಜಾನ್ ಅಟನಾಸಾಫ್ ಅದಕ್ಕೂ ಮೊದಲೇ ರೂಪಿಸಿದ್ದ ಎಲೆಕ್ಟ್ರಾನಿಕ್ ಲೆಕ್ಕದ ಯಂತ್ರವನ್ನು ಕಣ್ಣಾರೆ ಕಂಡಿದ್ದರು. ಅಟನಾಸಾಫ್ ತಮ್ಮ ಯಂತ್ರಕ್ಕೆ ಪೇಟೆಂಟ್ ಪಡೆದಿರಲೇ ಇಲ್ಲ! ಮೂರು ದಶಕಗಳ ನಂತರವಾದರೂ ಅವರ ಕೆಲಸಕ್ಕೆ ನ್ಯಾಯಾಲಯದಲ್ಲಿ ಮನ್ನಣೆ ಸಿಕ್ಕಿತು ಎಂಬುದು ನನಗೆ ಇಂದಿಗೂ ಧೈರ್ಯ ಕೊಡುವ ಸಂಗತಿ.

ಪೇಟೆಂಟಿನ ಶೀರ್ಷಿಕೆ ನೋಡಿ ಕುದಿಯಬೇಡಿ. ಹಕ್ಕು ನಿಂತಿರುವುದು ಕ್ಲೇಮ್‌ಗಳ ಮೇಲೆ, ಅಂದರೆ ಯಾವುದರ ಮೇಲೆ ಹಕ್ಕು ಎಂದು ಪೇಟೆಂಟಿನ ಕೊನೆಯ ಭಾಗದಲ್ಲಿ ಸಂಖ್ಯೆ ಹಾಕಿ ಹೇಳುವ ವಾಕ್ಯಗಳ ಮೇಲೆ. ಮೊದಲ ಕ್ಲೇಮನ್ನು ಅಂಶ ಅಂಶವಾಗಿ ಬಿಡಿಸಿ, ಪ್ರತಿಯೊಂದರ ಎದುರಿಗೆ ನಿಮ್ಮ ಹಳೆಯ ಪ್ರಕಟಣೆಯ ಪುಟ ಮತ್ತು ದಿನಾಂಕ ಬರೆಯಿರಿ. ಒಂದು ಅಂಶ ತಪ್ಪಿದರೂ ವಾದ ಸಡಿಲವಾಗುತ್ತದೆ. ಕಪಾಟಿನಲ್ಲೇ ಉಳಿದ ಟಿಪ್ಪಣಿ ಪುಸ್ತಕಕ್ಕಿಂತ ಸಾರ್ವಜನಿಕರಿಗೆ ಸಿಗುತ್ತಿದ್ದ ಒಂದು ಪುಟ ಹೆಚ್ಚು ತೂಗುತ್ತದೆ.

ತಡಮಾಡಬೇಡಿ. ಯುರೋಪಿಯನ್ ಪೇಟೆಂಟ್ ಕಚೇರಿಯಲ್ಲಿ ಆಕ್ಷೇಪಣೆಗೆ ಇರುವುದು ಮಂಜೂರಾತಿ ಪ್ರಕಟವಾದ ದಿನದಿಂದ 9 ತಿಂಗಳು ಮಾತ್ರ. ಮಂಜೂರಾದ ದಿನಾಂಕವನ್ನು ಇವತ್ತೇ ನೋಡಿಕೊಂಡು, ಕಡತದೊಂದಿಗೆ ಪೇಟೆಂಟ್ ವಕೀಲರನ್ನು ಕಾಣಿರಿ.