ಲೋಭಸೇನನಿಗೆ ಚಿನ್ನ ಏಕೆ ಬೇಕು?

ಆತ್ಮೀಯರೇ,

ನೀವು ಕಳುಹಿಸಿದ ಸಾಹಸ ಕಾದಂಬರಿಯನ್ನು ಪೂರ್ತಿ ಓದಿದೆ. ಏಳು ಬಾಗಿಲುಗಳ ಚಿನ್ನದ ಗವಿ, ಅದರ ಮೇಲೆ ಕಣ್ಣಿಟ್ಟ ರಾಜ ಲೋಭಸೇನ, ಅವನನ್ನು ತಡೆಯಲು ಹೊರಡುವ ಮೂವರು ಗೆಳೆಯರು, ಕಥೆಗೆ ಓಟವಿದೆ. ಆದರೂ ಈಗಿನ ರೂಪದಲ್ಲಿ ಇದನ್ನು ಪ್ರಕಟಿಸಲಾರೆವು. ಕಾರಣವನ್ನು ಮುಚ್ಚುಮರೆಯಿಲ್ಲದೆ ತಿಳಿಸುತ್ತೇನೆ.

ದುರಾಸೆಯೇ ಈ ಕಾದಂಬರಿಯ ಜೀವಾಳವೆಂದು ನಿಮ್ಮ ಪತ್ರ ಹೇಳುತ್ತದೆ. ಆದರೆ ಲೋಭಸೇನನಿಗೆ ಚಿನ್ನ ಏಕೆ ಬೇಕು, ಎಷ್ಟು ಬೇಕು, ಸಿಕ್ಕ ಮೇಲೆ ಅವನೇನು ಮಾಡುತ್ತಾನೆ ಎಂಬುದು ಮುನ್ನೂರು ಪುಟ ದಾಟಿದರೂ ತಿಳಿಯುವುದಿಲ್ಲ. ಹೆಸರಿನಲ್ಲೇ ಲೋಭವನ್ನು ಹೊತ್ತು ಬಂದವನ ಬಗ್ಗೆ ಓದುಗರಿಗೆ ಇನ್ನೇನು ಕುತೂಹಲ ಉಳಿದೀತು? ಮೂವರು ಗೆಳೆಯರಂತೂ ಚಿನ್ನದ ಬಂಡೆಗಳ ನಡುವೆ ಹಾದುಹೋಗುವಾಗ ಒಮ್ಮೆಯೂ ಕೈ ಚಾಚುವುದಿಲ್ಲ. ಗವಿ ಕಾಯುವ ಎರಡು ತಲೆಯ ಸರ್ಪವನ್ನು ನಾನು ನಂಬಿದೆ, ಇವರನ್ನು ನಂಬಲಾಗಲಿಲ್ಲ.

ನೀವು ಲಿಂಗಸುಗೂರು ತಾಲ್ಲೂಕಿನವರು. ಹಟ್ಟಿಯ ಗಣಿಯಲ್ಲಿ ಒಂದು ಟನ್ ಅದಿರನ್ನು ಅರೆದರೆ ದಕ್ಕುವುದು ಕೆಲವೇ ಗ್ರಾಂ ಚಿನ್ನವೆಂದು ನಿಮಗೆ ನಾನು ಹೇಳಬೇಕಿಲ್ಲ. ದಿನವಿಡೀ ದುಡಿದು ಚಿಟಿಕೆಯಷ್ಟು ಕಂಡವನಿಗೇ ಇನ್ನೊಂದು ಚಿಟಿಕೆಯ ಹುಚ್ಚು ಹಿಡಿಯುವುದು. ಅದೇ ತಾಲ್ಲೂಕಿನ ಅಮರೇಶ್ವರದ ವಚನಕಾರ್ತಿ ಆಯ್ದಕ್ಕಿ ಲಕ್ಕಮ್ಮನನ್ನು ನೆನೆಯಿರಿ. ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ‘ಈಸಕ್ಕಿಯಾಸೆ ನಿಮಗೇಕೆ’ ಎಂದು ಅವಳು ಕೇಳುತ್ತಾಳೆ. ಅಲ್ಲಿ ಆಸೆಗೆ ಅಳತೆಯಿದೆ, ಅದನ್ನು ಹಿಡಿದು ಕೇಳುವವರು ಮನೆಯೊಳಗೇ ಇದ್ದಾರೆ, ಮೇಲಾಗಿ ತಪ್ಪಿದವನು ಒಳ್ಳೆಯ ಮನುಷ್ಯ.

ಇಂಥದ್ದೊಂದು ನಿಮ್ಮ ಹನ್ನೊಂದನೆಯ ಅಧ್ಯಾಯದಲ್ಲೂ ಇದೆ. ಮಡಿವಾಳರ ಹುಡುಗಿ ಗವಿಯ ಕೂಲಿಗಳ ಬಟ್ಟೆ ಒಗೆದ ನೀರನ್ನು ಬಸಿದು, ಬಾನಿಯ ತಳದ ಕೆಸರನ್ನು ಬೆರಳಿನಿಂದ ಸವರುತ್ತಾಳೆ. ಬಿಸಿಲಿಗೆ ಉಗುರಿನ ಅಂಚು ಮಿನುಗುತ್ತದೆ. ಅವಳು ಅತ್ತಿತ್ತ ನೋಡಿ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾಳೆ. ಪೆನ್ಸಿಲ್ ಕೆಳಗಿಟ್ಟು ನಾನು ಓದಿದ್ದು ಈ ಆರು ಸಾಲುಗಳನ್ನು ಮಾತ್ರ. ಮುಂದಿನ ಪುಟಕ್ಕೆ ನೀವು ಅವಳನ್ನು ಮರೆತೇಬಿಟ್ಟಿರಿ! ಅವಳನ್ನು ಗೆಳೆಯರ ಗುಂಪಿಗೆ ಸೇರಿಸಿ. ಅಪ್ಪನ ಜೀತ ಬಿಡಿಸುವಷ್ಟು ಸಿಕ್ಕರೆ ಸಾಕೆಂದು ಹೊರಟವಳು, ಅಷ್ಟು ಕೂಡಿದ ದಿನವೂ ಬಾನಿಯ ಮುಂದಿನಿಂದ ಏಳದಿರಲಿ. ಈಗ ಬರೀ ಮಂತ್ರಕ್ಕೆ ತೆರೆದುಕೊಳ್ಳುವ ಏಳು ಬಾಗಿಲುಗಳೂ ಒಳಹೋಗುವವರಿಂದ ಏನನ್ನಾದರೂ ಕಿತ್ತುಕೊಳ್ಳಲಿ.

ಲೋಭಸೇನನ ಭಾಷಣಗಳನ್ನೂ ಹೆಸರನ್ನೂ ಕೈಬಿಡಿ. ಹಸ್ತಪ್ರತಿಯನ್ನು ಅಂಚೆಯಲ್ಲಿ ಹಿಂದಿರುಗಿಸುತ್ತಿದ್ದೇನೆ. ತಿದ್ದಿದ ಮೇಲೆ ಮೊದಲ ಮೂರು ಅಧ್ಯಾಯಗಳನ್ನಷ್ಟೇ ಕಳುಹಿಸಿ. ಬಾನಿಯ ದೃಶ್ಯ ಅವುಗಳೊಳಗೇ ಬಂದಿರಲಿ.

ಇತಿ,
ಸಂಪಾದಕ, ರಾಯಚೂರು